ಗಟ್ಟಿಗರನ್ನು ಹೊಗಳುವುದು ಬಿಟ್ಟ ಮೇಲೆ

ರೆಸಿಲಿಯನ್ಸ್ (ಪೆಟ್ಟು ತಿಂದೂ ಚೇತರಿಸಿಕೊಳ್ಳುವ ಶಕ್ತಿ) ಅನ್ನೋದು ಮನೋವಿಶ್ಲೇಷಣೆಯ ಮಾತೇ ಅಲ್ಲ, ತರಬೇತಿ ಶಿಬಿರದವರದ್ದು ಎಂದು ನಮ್ಮ ಮನೋವಿಶ್ಲೇಷಕರ ಓದುಗುಂಪಿನಲ್ಲಿ ನಕ್ಕವರೇ ಹೆಚ್ಚು. ಈಗ ಅವರಲ್ಲೇ ಇಬ್ಬರು ತಮ್ಮ ಕೇಸು ಹಿಡಿದುಕೊಂಡು ನನ್ನ ಬಳಿ ಬರುತ್ತಾರೆ. (ಕೆಳಗಿನ ಕೇಸುಗಳ ವಿವರ ಬದಲಿಸಿದ್ದೇನೆ.)

ಮೊದಲ ಸೋಲು ಪೂರ್ತಿ ನನ್ನದೇ. ಎಳವೆಯಲ್ಲೇ ತಾಯಿ ಹೋಗಿ, ತಮ್ಮಂದಿರನ್ನು ಸಾಕಿದ ಹೆಂಗಸು. 'ಇಷ್ಟೆಲ್ಲ ಕಂಡೂ ಕುಸಿಯಲಿಲ್ಲ, ಗಟ್ಟಿಗಿತ್ತಿ ನೀವು' ಎಂದುಬಿಟ್ಟೆ. ಆಕೆ ಇನ್ನಷ್ಟು ಗಟ್ಟಿಯಾದರು. ನಾಲ್ಕು ತಿಂಗಳಿಗೆ 'ಈಗ ಪರವಾಗಿಲ್ಲ' ಎಂದು ಹೊರಟೇಹೋದರು. ಪೆಟ್ಟು ತಿಂದ ಮಗು ಹೊತ್ತಿಗೆ ಮುಂಚೆ ದೊಡ್ಡದಾಗುತ್ತದೆ ಎಂದು ಫ್ರಾಯ್ಡ್‌ನ ಒಡನಾಡಿ, ಮನೋವಿಶ್ಲೇಷಕ ಫೆರೆನ್ಸಿ 1932ರಲ್ಲೇ ಹೇಳಿದ್ದರು. ಓದಿದ್ದೆ, ಎದುರಿಗೆ ಕೂತಾಗ ಗುರುತು ಸಿಗಲಿಲ್ಲ.

ನಡುವೆ ಇನ್ನೊಂದು ಹುಚ್ಚು: ರೋಗಿಗಳಿಂದ ತಿಂಗಳಿಗೊಮ್ಮೆ ರೆಸಿಲಿಯನ್ಸ್ ಪ್ರಶ್ನಾವಳಿ ತುಂಬಿಸಿದೆ. ಹೆಚ್ಚು ಅಂಕ ಬಂದದ್ದು ಕಣ್ಣಲ್ಲಿ ಒಂದು ಹನಿಯೂ ಬಾರದವರಿಗೆ. ಆರು ತಿಂಗಳಿಗೆ ಬಿಟ್ಟೆ. ಅದರಿಂದ ಉಳಿದದ್ದು ಒಂದು ಅಭ್ಯಾಸ, ಅಂಕ ಜಾಸ್ತಿ ಬಂದಷ್ಟೂ ಅನುಮಾನಪಡುವುದು.

ಕೈಹಿಡಿದ ಕೇಸು ಒಬ್ಬ ಗಂಡಸಿನದು, ವಾರಕ್ಕೆ ನಾಲ್ಕು ಸೆಷನ್. ಎರಡು ವರ್ಷ ಒಂದು ನಿಮಿಷ ತಡವಿಲ್ಲ. ಏಳುವಾಗ ಕೌಚಿನ (ರೋಗಿ ಮಲಗಿ ಮಾತಾಡುವ ಮಂಚದ) ದಿಂಬು ತಟ್ಟಿ, ಸುಕ್ಕು ತೆಗೆದು, ತಾನು ಮಲಗಿಯೇ ಇರಲಿಲ್ಲ ಎಂಬಂತೆ ಇಟ್ಟು ಹೋಗುತ್ತಿದ್ದರು. ಈ ಸಲ ನಾನು ಒಂದು ಸಲವೂ ಹೊಗಳಲಿಲ್ಲ. ನಿಧಾನಕ್ಕೆ ತಪ್ಪಿಸತೊಡಗಿದರು, ಫೀಸು ನಿಲ್ಲಿಸಿದರು. ನನ್ನ ಗಳಿಕೆಯ ಐದನೇ ಒಂದು ಪಾಲು ಅದೇ. ಆ ದುಡ್ಡು ಮೂರು ತಿಂಗಳು ಬರಲಿಲ್ಲ. ಮೇಲೆ ಸೂಪರ್‌ವಿಷನ್ ಖರ್ಚು, ಅಂದರೆ ಕೇಸಿನ ಬಗ್ಗೆ ಹಿರಿಯರ ಸಲಹೆ ಪಡೆಯುವುದಕ್ಕೆ ಕೊಡುವ ಫೀಸು. ಕೇಸು ಮುಚ್ಚು ಎಂದರು ಎಲ್ಲರೂ.

ಇಂಗ್ಲೆಂಡಿನ ಮನೋವಿಶ್ಲೇಷಕ ವಿನ್ನಿಕಾಟ್ 1968ರಲ್ಲಿ ನ್ಯೂಯಾರ್ಕಿನಲ್ಲಿ ಓದಿದ ಪ್ರಬಂಧದ ಮಾತು ನೆನಪಿತ್ತು: ರೋಗಿ ಎಷ್ಟೇ ಧ್ವಂಸ ಮಾಡಿದರೂ ನಾವು ಸೇಡಿಗಿಳಿಯದೆ ಉಳಿಯಬೇಕು. ಬಿಲ್ಲು ಮನ್ನಾ ಮಾಡಲಿಲ್ಲ, ಆ ಹೊತ್ತನ್ನು ಬೇರೆಯವರಿಗೂ ಕೊಡಲಿಲ್ಲ. ಐವತ್ತು ನಿಮಿಷ ಖಾಲಿ ಕೌಚಿನ ಹಿಂದೆ ಕೂತೆ. ಬೇಸರ ಬರಲಿಲ್ಲ ಅಂದರೆ ಸುಳ್ಳು.

ಒಂದು ದಿನ ಬಂದವರೇ ಕೂಗಾಡಿದರು. 'ನಿಮಗೆ ಸಿಟ್ಟೇ ಬರಲ್ವಾ?'

'ಬರುತ್ತೆ. ನಾಳೆ ಇದೇ ಹೊತ್ತಿಗೆ ಇಲ್ಲೇ ಇರ್ತೀನಿ.'

ಅವತ್ತು ದಿಂಬು ನೆಲದ ಮೇಲೆಯೇ ಉಳಿಯಿತು. ತಿಂಗಳೊಳಗೆ ತಂದೆಯ ಸಾವಿಗೆ ಅತ್ತರು, ಇಪ್ಪತ್ತು ಚಿಲ್ಲರೆ ವರ್ಷ ತಡವಾಗಿ. ಸಾವಿನ ವಿವರ ಮೊದಲಿಂದಲೂ ಬಾಯಿಪಾಠ, ನೋವಷ್ಟೇ ಇರಲಿಲ್ಲ. ಅಮೆರಿಕದ ಮನೋವಿಶ್ಲೇಷಕಿ ಫ್ರೈಬರ್ಗ್ 1975ರಲ್ಲಿ ಒತ್ತಿ ಹೇಳಿದ ವ್ಯತ್ಯಾಸ ಇದೇ: ಘಟನೆ ನೆನಪಿರುವುದು ಬೇರೆ, ಅದರ ನೋವು ನೆನಪಿರುವುದು ಬೇರೆ.

ತಪ್ಪಿಸಿಕೊಂಡು ಮರಳಿದವರಿಗೆ ಮೊದಲ ನಿಮಿಷದಲ್ಲಿ ಏನು ಹೇಳುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅಂದಹಾಗೆ, ಬಾಕಿ ಫೀಸು ಐದು ಕಂತಿನಲ್ಲಿ ಬಂತು.