ನೇತ್ರಾಣಿಗೆ ಹೊಂಟವರಿಗೆ: ಕ್ಯಾಮೆರಾ ಹಳೇದಿರ್ಲಿ, ಹೌಸಿಂಗ್ ಹೊಸಾದಿರ್ಲಿ

ಬೆಳಗಾವಿಯಿಂದ ಮುರ್ಡೇಶ್ವರಕ್ಕ, ಅದರ ಹತ್ರದ ನೇತ್ರಾಣಿ ದ್ವೀಪದಾಗ ಡೈವಿಂಗ್ ಕಲಿಯಾಕ ಹೊಂಟವರು ಹೊಸ ಮಾಡೆಲ್ ಕ್ಯಾಮೆರಾಕ್ಕ ರೊಕ್ಕ ಸುರೀಬ್ಯಾಡ್ರಿ. ಎರಡ್ಮೂರು ವರ್ಷ ಹಳೇ ಗೋಪ್ರೋ (ಸಣ್ಣ ಆ್ಯಕ್ಷನ್ ಕ್ಯಾಮೆರಾ) ಸೆಕೆಂಡ್ ಹ್ಯಾಂಡ್ ಸಾಕು, ಆದ್ರ ಅದೇ ಮಾಡೆಲ್ಲಿಗೆ ಕೂಡೋ 60 ಮೀಟರ್ ಆಳ ತಡಿಯೋ ಡೈವ್ ಹೌಸಿಂಗ್ (ಕ್ಯಾಮೆರಾಕ್ಕ ನೀರು ತಾಗದಂಗ ಮುಚ್ಚೋ ಡಬ್ಬಿ) ಮಾತ್ರ ಹೊಸಾದ ತಗೋರಿ. ಬರೇ ಕ್ಯಾಮೆರಾ ತಡಿಯೋದು 10 ಮೀಟರ್. ಓಪನ್ ವಾಟರ್ ಅನ್ನೋ ಮೊದಲ ಹಂತದ ಡೈವಿಂಗ್ ಕೋರ್ಸಿನ ಆಳದ ಮಿತಿ 18 ಮೀಟರ್. ಹೌಸಿಂಗ್ ಕೈಗೆ ಬಂದ ಕೂಡ್ಲೆ ಕ್ಯಾಮೆರಾ ಇಡಬ್ಯಾಡ್ರಿ. ಒಳಗ ಟಿಶ್ಯೂ ಪೇಪರ್ ಮಡಚಿಟ್ಟು ಮುಚ್ಚಿ, ಬಕೆಟ್ ನೀರಿನ್ಯಾಗ ಮುಳುಗಿಸಿ, ತೇಲದಂಗ ಮ್ಯಾಲ ಕಲ್ಲಿಟ್ಟು ಅರ್ಧ ತಾಸು ಬಿಡ್ರಿ. ಟಿಶ್ಯೂ ಒಂದ ಮೂಲಿ ಹಸಿ ಆಗಿದ್ರೂ ರಬ್ಬರ್ ಸೀಲಿನ ಮ್ಯಾಲ ಕೂದಲಾ, ಉಸುಕಿನ ಕಾಳಾ ಹುಡುಕ್ರಿ. ಅಂಥಾ ಸೋರಿಕೆ ಮ್ಯಾಲಿನ ನೀರಿನ್ಯಾಗ ಸಿಗ್ತದ, ಯಾಕಂದ್ರ ಆಳಕ್ಕ ಹೋದಂಗ ಒತ್ತಡಾನ ಸೀಲನ್ನ ಬಿಗಿಯಾಗಿ ಒತ್ತತದ. ಸಣ್ಣ ಸೀಳು ಮಾತ್ರ ಬಕೆಟ್‌ನ್ಯಾಗ ತೋರಂಗಿಲ್ಲ. ಅದಕ್ಕ ಮೊದಲ ಡೈವಿಗೆ ಖಾಲಿ ಹೌಸಿಂಗ್ ಒಯ್ಯೋದ ಛಲೋ. ಕರಾವಳಿ ಗಾಳಿ ಹಸಿ ಇರ್ತದ; ಹೌಸಿಂಗನ್ನ ಎಸಿ ರೂಮಿನ್ಯಾಗ ಮುಚ್ಚಿ, ಸಿಲಿಕಾ ಜೆಲ್ ಪುಡಿಕೆ ಹಾಕ್ರಿ, ಇಲ್ಲಂದ್ರ ಗಾಜಿಗೆ ಮಬ್ಬು ಹಿಡೀತದ. ಐದಾರು ಮೀಟರ್ ಕೆಳಗ ಕೆಂಪು ಬಣ್ಣ ಮಾಯ ಆಗ್ತದ. ಅದಕ್ಕ ಲೆನ್ಸಿನ ಮುಂದ ಬಣ್ಣದ ಫಿಲ್ಟರ್ ಹಾಕ್ರಿ: ನೀಲಿ ನೀರಿಗೆ ಕೆಂಪು, ಹಸರು ನೀರಿಗೆ ಮಜೆಂಟಾ (ಕಡು ಗುಲಾಬಿ). ಮೋಡ ಇದ್ರ, ನೀರು ಕದಡಿದ್ರ ಫಿಲ್ಟರ್ ಬರೇ ಕತ್ತಲ ಮಾಡ್ತದ, ತಗದುಬಿಡ್ರಿ. ಮತ್ತ ಒಂದು: ನೀರೊಳಗ ಮ್ಯಾಲ-ಕೆಳಗ ಹೋಗದಂಗ ಒಂದ ಆಳದಾಗ ತೇಲೋದು ಇನ್ನೂ ಹಿಡಿತಕ್ಕ ಬರದವರು ಕ್ಯಾಮೆರಾ ದಂಡಿಮ್ಯಾಲ ಬಿಟ್ಟ ಇಳೀರಿ.