ಕರಿಕಲ್ಲಿನ ನಾಡಿನಲ್ಲಿ ಎಂಟು ದಿನ: ಹರಿಶ್ಚಂದ್ರಗಡದಿಂದ ಲೋಣಾರ್‌ವರೆಗೆ

ಮಹಾರಾಷ್ಟ್ರದ ಹರಿಶ್ಚಂದ್ರಗಡದ ಬುಡದಲ್ಲಿರುವ ಪಾಚನಯಿ ಊರು ಬಿಟ್ಟು ಒಂದು ಗಂಟೆಯೂ ಆಗಿರಲಿಲ್ಲ, ಜಾರಿ ಬಿದ್ದೆ. ಕಡಿದಾದ ಜಾಗವೇನೂ ಅಲ್ಲ. ಬಂಡೆಯ ಮೇಲೆ ತೆಳ್ಳಗೆ ಹರಿಯುತ್ತಿದ್ದ ಒಂದು ತೊರೆ, ದಾಟಲು ಐದೇ ಹೆಜ್ಜೆ. ಮೂರನೆಯ ಹೆಜ್ಜೆಗೆ ಕಾಲು ಕಿತ್ತುಕೊಂಡು ಹೋಯಿತು. ಕೈ ಊರಿದ್ದರಿಂದ ತಲೆ ಉಳಿಯಿತು, ಮಣಿಕಟ್ಟು ಊದಿಕೊಂಡಿತು. ಹದಿನೈದು ವರ್ಷದಿಂದ ಬೆಂಗಳೂರಿನ ಸುತ್ತಮುತ್ತ ಬೆಟ್ಟ ಹತ್ತುತ್ತಿರುವವಳು ನಾನು. ಸಾವನದುರ್ಗದ ಬೋಳು ಬಂಡೆಯನ್ನು ಎಷ್ಟು ಸಲ ಹತ್ತಿ ಇಳಿದಿದ್ದೇನೋ ಲೆಕ್ಕವಿಟ್ಟಿಲ್ಲ. ಆ ಬಂಡೆ ಕಲಿಸಿದ ಧೈರ್ಯವನ್ನೇ ಸಹ್ಯಾದ್ರಿಗೂ ತೆಗೆದುಕೊಂಡು ಹೋಗಿದ್ದೆ. ತಪ್ಪಾದದ್ದು ಅಲ್ಲೇ.

ನಮ್ಮ ಕಡೆಯ ಕಲ್ಲು ನೆಲದಾಳದಲ್ಲಿ ಬಹಳ ನಿಧಾನವಾಗಿ ಆರಿದ್ದು. ಆರಲು ಸಮಯ ಸಿಕ್ಕಿದ್ದರಿಂದ ಹರಳುಗಳು ದಪ್ಪಗೆ ಬೆಳೆದಿವೆ. ಸಾವನದುರ್ಗದಲ್ಲಿ ಅಂಗೈ ಉಜ್ಜಿದರೆ ಉಪ್ಪುಕಾಗದದ ಹಾಗೆ ತರಿತರಿಯಾಗಿ ಹತ್ತುತ್ತದೆ, ಶೂ ಕಚ್ಚಿ ನಿಲ್ಲುವುದು ಅದಕ್ಕೇ. ಮಹಾರಾಷ್ಟ್ರದ ಸಹ್ಯಾದ್ರಿಯದು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಿದ ಲಾವಾ, ಮೇಲೆಯೇ ಗಾಳಿಗೆ ಬೇಗ ಆರಿ ಕಲ್ಲಾಯಿತು. ಹರಳು ಬರಿಗಣ್ಣಿಗೆ ಕಾಣದಷ್ಟು ಸಣ್ಣ. ಒಣಗಿದ್ದಾಗ ಚೆನ್ನಾಗಿಯೇ ಹಿಡಿತ ಕೊಡುತ್ತದೆ. ನೀರೂ ಪಾಚಿಯೂ ಸೇರಿತೋ, ಎಣ್ಣೆ ಸವರಿದ ಕಾವಲಿ. ಹೊಳೆಯುವ ಕಪ್ಪಿನ ಮೇಲೆ ಕಾಲಿಡಬಾರದು ಎನ್ನುವುದು ನಾನು ಕಲಿತ ಮೊದಲ ಪಾಠ.

ಈ ಪ್ರವಾಸದ ಆಸೆ ಹುಟ್ಟಿದ್ದು ಲಾಲ್‌ಬಾಗಿನಲ್ಲಿ. ಅಲ್ಲಿನ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ ಎಂದು ಅಕ್ಕನ ಮಗನಿಗೆ ಹೇಳುತ್ತಿದ್ದೆ. "ಹಾಗಾದರೆ ನಮ್ಮ ಹತ್ತಿರ ಇರೋ ಹೊಸ ಕಲ್ಲು ಎಲ್ಲಿದೆ ಚಿಕ್ಕಮ್ಮ?" ಎಂದು ಕೇಳಿದ. ಡಿಗ್ರಿ ಎರಡನೇ ವರ್ಷದ ಹುಡುಗ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ಹರಡಿರುವ ಡೆಕ್ಕನ್ ಟ್ರ್ಯಾಪ್ ಎಂಬ ಈ ಲಾವಾ ಹಾಸು ನಮ್ಮ ರಾಜ್ಯದ ಉತ್ತರಕ್ಕೂ ಚಾಚಿದೆ. ವಿಜಯಪುರದ ಗೋಳಗುಮ್ಮಟದ ಕಲ್ಲು ಇದೇ ಬಸಾಲ್ಟ್. ಆದರೆ ಕಾಲುದಾರಿ, ಗುಹೆ, ಕೆರೆ ಮೂರನ್ನೂ ಒಂದೇ ಓಟದಲ್ಲಿ ನೋಡಬೇಕೆಂದರೆ ಮಹಾರಾಷ್ಟ್ರಕ್ಕೆ ಹೋಗಬೇಕು. ನಾನೂ ಅವನೂ ಹೊರಡಲು ಅಕ್ಟೋಬರ್ ಕೊನೆ ಆರಿಸಿಕೊಂಡೆವು: ಮಳೆ ನಿಂತಿರುತ್ತದೆ, ತೊರೆಗಳು ಬತ್ತಿರುವುದಿಲ್ಲ.

ವಿಮಾನ ಬೇಡ, ರೈಲಿನಲ್ಲೇ ಹೋಗಿ ಎಂದು ಕೈಮುಗಿದು ಹೇಳುತ್ತೇನೆ. ರಾತ್ರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಕು ಹರಿಯುವ ಹೊತ್ತಿಗೆ ರಾಯಚೂರು ದಾಟಿರುತ್ತೀರಿ. ಒಂದರ ಮೇಲೊಂದು ಪೇರಿಸಿಟ್ಟಂತಿರುವ ಗುಂಡುಗಳು ಅಲ್ಲಿ ಇನ್ನೂ ಕಾಣುತ್ತವೆ. ವಾಡಿ, ಶಹಾಬಾದ್ ಬರುವಾಗ ಕಲ್ಲು ಬದಲಾಗಿ ಹಲಗೆ ಹಲಗೆಯಾಗಿ ಏಳುವ ಸುಣ್ಣಕಲ್ಲು. ನಮ್ಮ ಅಜ್ಜಿಯ ಮನೆಯ ನೆಲಕ್ಕೆ ಹಾಸಿದ್ದ ಶಹಾಬಾದ್ ಕಲ್ಲು ಇಲ್ಲಿಂದ ಬಂದದ್ದು. ಕಲಬುರಗಿ ದಾಟಿದ ಮೇಲೆ ಕಿಟಕಿಯ ತುಂಬ ಎರೆಮಣ್ಣು, ತೊಗರಿ, ದೂರದಲ್ಲಿ ತಲೆ ಚಪ್ಪಟೆಯಾದ ಗುಡ್ಡಗಳು. ತಲೆ ಚಪ್ಪಟೆಯಾದ ಗುಡ್ಡ ಕಂಡಿತೆಂದರೆ ಲಾವಾ ನಾಡು ಬಂತು ಎಂದೇ ಲೆಕ್ಕ.

ಪುಣೆಯಿಂದ ಪಾಚನಯಿಗೆ ಬಾಡಿಗೆ ಜೀಪಿನಲ್ಲಿ ಐದು ತಾಸಿನ ಮೇಲೆ ಹಿಡಿಯಿತು. ಊರಿನ ಒಬ್ಬರ ಮನೆಯಲ್ಲಿ ಉಳಿದೆವು. ಮನೆಯ ಆಜಿ ಅಕ್ಕಿ ಭಾಕ್ರಿ, ಪಿಠ್ಲ ಮಾಡಿ ಬಡಿಸಿದರು. ನಮ್ಮ ಉತ್ತರ ಕರ್ನಾಟಕದ ಜುಣಕ ಇದೆಯಲ್ಲ, ಅದರ ತೆಳುವಾದ ತಂಗಿ ಈ ಪಿಠ್ಲ. ಬೆಳಗ್ಗೆ ಅವರ ಯಜಮಾನರೇ ದಾರಿ ತೋರಿಸಲು ಹೊರಟರು. ಅರವತ್ತು ದಾಟಿದ ಕಾಕಾ, ಕಾಲಿಗೆ ಸಾದಾ ಪ್ಲಾಸ್ಟಿಕ್ ಶೂ.

ನಾನು ಬಿದ್ದಾಗ ಕೈಹಿಡಿದು ಎಬ್ಬಿಸಿದವರು ಅವರೇ. "ತಾಯಿ, ಕಾತಳ ನೋಡಿ ಹೆಜ್ಜೆ ಇಡಿ" ಎಂದರು. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ; ನನ್ನ ಕಿವಿಗೆ ಅಮ್ಮ ಎಂದೇ ಕೇಳಿಸಿ ಕಣ್ಣು ಒದ್ದೆಯಾಯಿತು. ಕಾತಳ ಎಂದರೆ ಗಟ್ಟಿ ಕರಿಬಂಡೆ. ಆಮೇಲೆ ಗೋಡೆಯಂತೆ ನಿಂತಿದ್ದ ಬಂಡೆಯ ಬುಡವನ್ನು ಕೋಲಿನಿಂದ ತೋರಿಸಿದರು. ಅಲ್ಲಿ ಒಂದೂವರೆ ಅಡಿ ದಪ್ಪದ ಇಟ್ಟಿಗೆ ಬಣ್ಣದ ಪಟ್ಟಿ. "ತಾಂಬಡಿ ಮಾತಿ. ಇದು ಇದ್ದಲ್ಲಿ ದಾರಿ ಇರುತ್ತೆ, ನೀರೂ ಇರುತ್ತೆ."

ಮುಂದಿನ ಏಳು ದಿನವೂ ಆ ಒಂದು ಮಾತು ನಮಗೆ ದಾರಿ ತೋರಿಸಿತು. ಲಾವಾ ಒಂದೇ ಸಲಕ್ಕೆ ಹರಿದದ್ದಲ್ಲ. ಒಂದು ಪದರ ಹರಿದು ಆರಿದೆ, ಎಷ್ಟೋ ಕಾಲ ಬಿಸಿಲು ಮಳೆಗೆ ಅದರ ಮೇಲ್ಮೈ ಸವೆದು ಮಣ್ಣಾಗಿದೆ, ಮೇಲೆ ಮತ್ತೊಂದು ಪದರ ಬಂದು ಆ ಮಣ್ಣನ್ನು ಬೇಯಿಸಿ ಮುಚ್ಚಿದೆ. ಆ ಬೆಂದ ಮಣ್ಣೇ ಕೆಂಪು ಪಟ್ಟಿ. ಪದರದ ನಡುಭಾಗ ಗಟ್ಟಿ, ಅದು ಕಡಿದಾದ ಗೋಡೆಯಾಗಿ ನಿಲ್ಲುತ್ತದೆ. ಮೇಲ್ಭಾಗದಲ್ಲಿ ಅನಿಲ ತಪ್ಪಿಸಿಕೊಂಡು ಸೆಟ್ ದೋಸೆಯ ಹಾಗೆ ತೂತು ತೂತು, ಅದು ಬೇಗ ಸವೆದು ಅಂಚುಪಟ್ಟಿಯಾಗುತ್ತದೆ. ಗೋಡೆ, ಪಟ್ಟಿ, ಗೋಡೆ, ಪಟ್ಟಿ. ಟ್ರ್ಯಾಪ್ ಎಂಬ ಹೆಸರು ಬಂದದ್ದೂ ಸ್ವೀಡಿಷ್ ಭಾಷೆಯ ಮೆಟ್ಟಿಲು ಎಂಬ ಪದದಿಂದ. ಬಿರುಕುಗಳಲ್ಲಿ ಇಳಿದ ಮಳೆನೀರಿಗೆ ಕೆಂಪು ಪಟ್ಟಿ ಅಡ್ಡ ಬಂದರೆ ಅದು ಪಕ್ಕಕ್ಕೆ ಸರಿದು ಹೊರಗೆ ಒಸರುತ್ತದೆ. ಗೋಡೆಯನ್ನು ಹತ್ತಲಾಗದ ಮನುಷ್ಯ ಪಟ್ಟಿಯ ಮೇಲೆ ಅಡ್ಡಡ್ಡ ನಡೆದಿದ್ದಾನೆ, ನೀರು ಸಿಕ್ಕಲ್ಲಿ ಟಾಕೆ ಕಡೆದಿದ್ದಾನೆ, ಮೆದು ಕಲ್ಲು ಸಿಕ್ಕಲ್ಲಿ ಗುಹೆ ಕೊರೆದಿದ್ದಾನೆ. ಟಾಕೆ ಎಂದರೆ ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿ, ಸಹ್ಯಾದ್ರಿಯ ಕೋಟೆಗಳಲ್ಲಿ ಇಲ್ಲದ ಜಾಗವಿಲ್ಲ. ಪಾಚನಯಿ ದಾರಿಯಂತೂ ಬಹುದೂರ, ಮುಂದಕ್ಕೆ ಬಾಗಿದ ದೊಡ್ಡ ಕರಿಗೋಡೆಯ ಅಡಿಯಲ್ಲೇ ಸಾಗುತ್ತದೆ. ಪಟ್ಟಿಯ ಮೇಲಿನ ಸಣ್ಣ ಕೆಂಪು ಹರಳು ರಾಗಿಕಾಳಿನಂತೆ ಉರುಳುತ್ತದೆ. ಅಲ್ಲಿ ಹೆಜ್ಜೆ ಗಿಡ್ಡವಾಗಿರಬೇಕು, ಇಳಿಯುವಾಗ ಪಾದ ಓರೆಯಾಗಿರಬೇಕು.

ಮೇಲೆ ಹರಿಶ್ಚಂದ್ರೇಶ್ವರ ದೇವಸ್ಥಾನ, ಪಕ್ಕದಲ್ಲಿ ಸಪ್ತತೀರ್ಥ ಪುಷ್ಕರಣಿ, ಸ್ವಲ್ಪ ಕೆಳಗೆ ಕೇದಾರೇಶ್ವರ ಗುಹೆ. ಆ ಗುಹೆಯ ಮುಂದೆ ನಾನು ಒಂದು ಗಂಟೆ ಕೂತಿದ್ದೆ. ಒಳಗೆಲ್ಲ ನೀರು, ನಡುವೆ ಆಳೆತ್ತರದ ಲಿಂಗ, ಸುತ್ತ ನಾಲ್ಕು ಕಂಬಗಳಿದ್ದವು, ಈಗ ಪೂರ್ತಿ ನಿಂತಿರುವುದು ಒಂದೇ. ಅದೂ ಬಿದ್ದ ದಿನ ಕಲಿಯುಗ ಮುಗಿಯುತ್ತದೆ ಎಂದು ಊರವರು ನಂಬುತ್ತಾರೆ. ಪ್ರದಕ್ಷಿಣೆ ಹಾಕಬೇಕೆಂದರೆ ನೀರಿಗಿಳಿಯಬೇಕು. ಇಳಿದೆ. ಸೊಂಟದವರೆಗೆ ಬಂತು. ಮೊದಲ ಅರೆ ನಿಮಿಷ ಮೂಳೆ ಸೀಳುವ ಚಳಿ, ಆಮೇಲೆ ಕಾಲೇ ಇಲ್ಲವೇನೋ ಎಂಬ ಹಾಗೆ ಮರಗಟ್ಟಿತು. ಊದಿದ ಮಣಿಕಟ್ಟನ್ನು ಅದೇ ನೀರಿನಲ್ಲಿ ಅದ್ದಿಟ್ಟೆ. ನೋವು ಕಡಿಮೆಯಾದದ್ದು ಅಲ್ಲಿ. ಹುಡುಗ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ. ಹಳೆಯ ಅನಿಲದ ಗುಳ್ಳೆಗಳಲ್ಲಿ ಬಿಳಿ ಹರಳು ತುಂಬಿಕೊಂಡಿತ್ತು. ಒಂದು ಗುಳ್ಳೆಯಲ್ಲಿ ಸೂಜಿ ಸೂಜಿಯಾಗಿ, ಹೂವಿನ ಹಾಗೆ. ಕಲ್ಲಿನೊಳಗೆ ಬಿಸಿನೀರು ಹರಿದಾಡಿ ಬಿಟ್ಟುಹೋದ ಜಿಯೋಲೈಟ್ ಅದು. ದಯವಿಟ್ಟು ಕಿತ್ತುಕೊಂಡು ಬರಬೇಡಿ. ಕಿತ್ತ ಗುರುತುಗಳು ಅಲ್ಲಿ ಆಗಲೇ ಬೇಕಾದಷ್ಟಿವೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಂಜೆ ಕೊಂಕಣ ಕಡಾ. ಹಾವಿನ ಹೆಡೆಯಂತೆ ಒಳಕ್ಕೆ ಬಾಗಿದ ಭಾರೀ ಕಂದಕ. ಕೆಳಗಿನಿಂದ ಗಾಳಿ ಎಷ್ಟು ರಭಸವಾಗಿ ಬರುತ್ತದೆಂದರೆ ನಾನು ಬಿಟ್ಟ ಒಣ ಎಲೆ ಕೆಳಗೆ ಹೋಗದೆ ನನ್ನ ತಲೆಯ ಮೇಲೆ ಹಾರಿತು. ಅಂಚಿಗೆ ನಿಂತು ನೋಡಬೇಡಿ, ಹೊಟ್ಟೆಯ ಮೇಲೆ ಮಲಗಿ ತೆವಳಿಕೊಂಡು ಹೋಗಿ. ಮಂಜಿನ ಮೇಲೆ ದುಂಡಗಿನ ಕಾಮನಬಿಲ್ಲು ಮೂಡುವುದನ್ನು ಇಲ್ಲಿಯವರು ಇಂದ್ರವಜ್ರ ಎನ್ನುತ್ತಾರೆ, ನಮಗೆ ಸಿಗಲಿಲ್ಲ. ಸಿಕ್ಕಿದ್ದು ಎದುರಿನ ಬೆಟ್ಟಗಳಲ್ಲಿ ಸಂಜೆ ಬಿಸಿಲು ಬಿದ್ದು ಪದರ ಪದರವಾಗಿ ಬೇರೆಯಾದ ನೋಟ. ನಾನು ಎಣಿಸಲು ಶುರುಮಾಡಿ ಹನ್ನೊಂದಕ್ಕೆ ಬಿಟ್ಟೆ.

ಅಲ್ಲಿಂದ ಛತ್ರಪತಿ ಸಂಭಾಜಿನಗರ, ನಮ್ಮ ಬಾಯಲ್ಲಿ ಇನ್ನೂ ಔರಂಗಾಬಾದ್. ದಿನ ಗೊತ್ತುಮಾಡುವಾಗ ನೆನಪಿಡಬೇಕಾದ್ದು: ಎಲ್ಲೋರಾಕ್ಕೆ ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ.

ಎಲ್ಲೋರಾದ ಕೈಲಾಸ ದೇವಾಲಯದ ಬಗ್ಗೆ ಕನ್ನಡಿಗರಿಗೆ ನಾನು ಹೊಸದಾಗಿ ಹೇಳಬೇಕಿಲ್ಲ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟರ ಒಂದನೆಯ ಕೃಷ್ಣ ಕಡೆಯಿಸಿದ್ದು, ಮೇಲಿನಿಂದ ಕೆಳಕ್ಕೆ. ಪಟ್ಟದಕಲ್ಲಿನ ವಿರೂಪಾಕ್ಷವನ್ನು ನೋಡಿದವರಿಗೆ ಒಳಗೆ ಕಾಲಿಟ್ಟ ಕೂಡಲೇ ಪರಿಚಯದ ಮನೆಗೆ ಬಂದಂತಾಗುತ್ತದೆ. ಅಲ್ಲಿ ಮರಳುಗಲ್ಲನ್ನು ಜೋಡಿಸಿ ಕಟ್ಟಿದ್ದು, ಇಲ್ಲಿ ಕರಿಕಲ್ಲನ್ನು ತೆಗೆದು ತೆಗೆದು ಉಳಿಸಿಕೊಂಡದ್ದು. ನಾವು ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ, ಮೊದಲು ಅಂಗಳದ ಸುತ್ತಲಿನ ಕಡಿದ ಗೋಡೆಯನ್ನು ನೋಡಿದೆವು. ಅದರಲ್ಲಿ ಲಾವಾದ ಪದರಗಳು ಅಡ್ಡಗೆರೆಗಳಾಗಿ ಕಾಣುತ್ತವೆ. ಶಿಲ್ಪಿಗಳ ಉಳಿ ಆ ಗೆರೆಗಳನ್ನು ದಾಟಿಕೊಂಡೇ ಇಳಿದಿದೆ. ಒಂದು ಕಡೆ ಬಿರುಕು ಬಂದರೆ ಅಲ್ಲಿಗೇ ಕೆಲಸ ಕೆಟ್ಟಂತೆ, ಜೋಡಿಸಲು ಇನ್ನೊಂದು ಕಲ್ಲಿಲ್ಲ. ಅದನ್ನು ಯೋಚಿಸುತ್ತಾ ನಿಂತವಳಿಗೆ ಕಾಲು ಕದಲಲಿಲ್ಲ. ಜನ ಸಾಮಾನ್ಯವಾಗಿ ಇಲ್ಲಿಂದಲೇ ತಿರುಗುತ್ತಾರೆ. ನೀವು 29ನೆಯ ಗುಹೆಯವರೆಗೆ ಹೋಗಿ. ಪಕ್ಕದಲ್ಲಿ ಜಲಪಾತವಿದೆ, ಗೋಡೆ ಮತ್ತು ಪಟ್ಟಿಯ ಲೆಕ್ಕ ಅಲ್ಲಿ ಕಣ್ಣಿಗೆ ಕಟ್ಟುತ್ತದೆ.

ಅಜಂತಾದಲ್ಲಿ ಚಿತ್ರಗಳಿಗಾಗಿ ಹೋಗಿ ಚಾವಣಿ ನೋಡಿ ಬಂದೆ ಎಂದರೆ ಯಾರೂ ನಂಬುವುದಿಲ್ಲ. ಚಿತ್ರಗಳನ್ನೂ ನೋಡಿದೆ. ಒಂದನೆಯ ಗುಹೆಯ ಪದ್ಮಪಾಣಿಯ ಮುಂದೆ ಮಾತೇ ಬರಲಿಲ್ಲ. ಆದರೆ ನಾಲ್ಕನೆಯ ಗುಹೆ, ಇಲ್ಲಿನ ವಿಹಾರಗಳಲ್ಲೆಲ್ಲ ದೊಡ್ಡದು, ಪೂರ್ತಿಯಾಗದೆ ಉಳಿದದ್ದು. ಅದರ ಚಾವಣಿಯಲ್ಲಿ ಲಾವಾ ಹರಿದ ಗುರುತು ಹಾಗೇ ಉಳಿದಿದೆ. ಕೊರೆಯುವವರು ಎರಡು ಪದರಗಳ ಸಂದಿಗೆ ತಲುಪಿದ್ದರು. ಹೊರಗೆ ವಾಘೋರಾ ನದಿ ಕುದುರೆ ಲಾಳದಂತೆ ತಿರುಗುವ ಕಣಿವೆ, ಎದುರು ಗುಡ್ಡದ ನೋಟಕಟ್ಟೆಯಿಂದ ಇಡೀ ಸಾಲು ಒಂದೇ ಎತ್ತರದ ಪಟ್ಟಿಯಲ್ಲಿ ಕಾಣುತ್ತದೆ. ಎಲ್ಲೋರಾ, ಅಜಂತಾ ಎರಡರಲ್ಲೂ ಹೆಜ್ಜೇನಿನ ಗೂಡುಗಳಿರುತ್ತವೆ. ಸೆಂಟು ಹಾಕಿಕೊಳ್ಳಬೇಡಿ, ಕೂಗಾಡಬೇಡಿ.

ಕೊನೆಗೆ ಲೋಣಾರ್. ಜಾಲ್ನಾ ದಾರಿಯಾಗಿ ಸರ್ಕಾರಿ ಕೆಂಪು ಬಸ್ಸು ಹಿಡಿದು ಬುಲ್ಢಾಣಾ ಜಿಲ್ಲೆಗೆ. ಇಷ್ಟು ದಿನ ನೋಡಿದ್ದೆಲ್ಲ ಒಳಗಿನ ಬೆಂಕಿ ಮಾಡಿದ ಕೆಲಸ. ಈ ಕೆರೆ ಮೇಲಿನಿಂದ ಬಂದ ಉಲ್ಕೆ ಮಾಡಿದ್ದು. ಸುಮಾರು 1.8 ಕಿಲೋಮೀಟರ್ ಅಗಲದ ದುಂಡು ಕುಳಿ, ತಳದಲ್ಲಿ ಹಸಿರು ನೀರು. ಮೊದಲು ಇದನ್ನೂ ಜ್ವಾಲಾಮುಖಿಯ ಬಾಯಿ ಎಂದು ತಿಳಿದವರಿದ್ದರು. ಅಪ್ಪಳಿಸಿದ ಒತ್ತಡದಲ್ಲಷ್ಟೇ ಹುಟ್ಟುವ ಮ್ಯಾಸ್ಕೆಲಿನೈಟ್ ಎಂಬ ಗಾಜು ಇಲ್ಲಿ ಸಿಕ್ಕ ಮೇಲೆ ಆ ಅನುಮಾನ ಹೋಯಿತು. ಬಸಾಲ್ಟ್ ಮೇಲೆ ಇಷ್ಟು ಚೆನ್ನಾಗಿ ಉಳಿದಿರುವ ಉಲ್ಕಾಕುಳಿ ಭೂಮಿಯಲ್ಲಿ ತೀರಾ ಅಪರೂಪ.

ಕುಳಿಯ ಅಂಚಿನಲ್ಲಿ ಸುತ್ತುದಾರಿಯಿದೆ. ಬೆಳಗ್ಗೆ ಆರಕ್ಕೆ ಹೊರಟೆವು. ಅರ್ಧ ದಾರಿಯಲ್ಲಿ ಹುಡುಗ ನಿಂತುಬಿಟ್ಟ. "ಚಿಕ್ಕಮ್ಮ, ಪದರ ಅಡ್ಡಡ್ಡ ಇಲ್ಲ ನೋಡಿ." ನಿಜ. ಏಳು ದಿನ ಮಟ್ಟಗೋಲು ಇಟ್ಟಂತೆ ಸಮವಾಗಿ ಕಂಡಿದ್ದ ಪದರಗಳು ಇಲ್ಲಿ ಕುಳಿಯಿಂದ ಹೊರಗಡೆಗೆ ಎತ್ತಿಕೊಂಡು ವಾಲಿದ್ದವು. ಪೆಟ್ಟು ಬಿದ್ದಾಗ ಅಂಚಿನ ಕಲ್ಲು ದಳದಂತೆ ಹೊರಕ್ಕೆ ಮಗುಚಿಕೊಂಡಿದೆ. ಪದರ ಓದುವುದನ್ನು ಕಾಕಾ ಕಲಿಸಿರದಿದ್ದರೆ ನಾವು ಅದನ್ನು ನೋಡಿಯೂ ನೋಡದೆ ಹೋಗುತ್ತಿದ್ದೆವು.

ಕೆಳಗಿಳಿಯುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ, ಇದು ವನ್ಯಜೀವಿ ಧಾಮ. ದಾರಿಯುದ್ದ ನವಿಲು, ಹಳೆಯ ಗುಡಿಗಳು. ನಮ್ಮ ಕೆರೆದಂಡೆಗಳನ್ನು ತಿಂದ ಬಳ್ಳಾರಿ ಜಾಲಿ ಇಲ್ಲೂ ಇದೆ. ದಡ ಮುಟ್ಟುವ ಮೊದಲೇ ಮೂಗಿಗೆ ಕೊಳೆತ ವಾಸನೆ. ಹುಡುಗ ಕಾಲೇಜಿನ ಲ್ಯಾಬ್‌ನಿಂದ ಕೇಳಿ ತಂದಿದ್ದ, ಹುಳಿ ಕ್ಷಾರ ಅಳೆಯುವ ಪಿಎಚ್ ಪಟ್ಟಿಯನ್ನು ನೀರಿಗೆ ತಾಗಿಸಿದ. ಹಳದಿ ಕಾಗದ ಕಣ್ಣೆದುರೇ ಕಡುನೀಲಿಗೆ ತಿರುಗಿತು, ಡಬ್ಬಿಯ ಬಣ್ಣದ ಪಟ್ಟಿಯಲ್ಲಿ ಹತ್ತರ ಹತ್ತಿರ. ಸೋಪಿನ ನೀರಿನಷ್ಟು ಕ್ಷಾರ. ಇಂಥ ಉಪ್ಪು ಕ್ಷಾರದಲ್ಲೂ ಬದುಕುವ ಸೂಕ್ಷ್ಮಜೀವಿಗಳಿವೆ. 2020ರ ಜೂನ್‌ನಲ್ಲಿ ಕೆರೆ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಅವುಗಳಿಂದಲೇ. ಅದೇ ವರ್ಷ ಇದು ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು.

ಮೇಲೆ ಹತ್ತಿ ಬರುವಾಗ ಬಿಸಿಲು ಏರಿತ್ತು, ಮೂರು ಲೀಟರ್ ನೀರೂ ಖಾಲಿ. ಅಂಚಿನ ಹತ್ತಿರ ಧಾರಾ ಎಂಬ ತೀರ್ಥದಲ್ಲಿ ಬಂಡೆಯೊಳಗಿಂದ ವರ್ಷವಿಡೀ ನೀರು ಬೀಳುತ್ತದೆ. ಅಷ್ಟು ಕ್ಷಾರದ ಕೆರೆಯ ನೆತ್ತಿಯ ಮೇಲೆ ಸಿಹಿನೀರು. ಸರದಿಯಲ್ಲಿದ್ದ ಹೆಂಗಸೊಬ್ಬರು ನನ್ನ ಕಟ್ಟು ಹಾಕಿದ ಕೈ ನೋಡಿ, ಏನೂ ಕೇಳದೆ ನನ್ನ ಬಾಟಲಿ ತೆಗೆದುಕೊಂಡು ಧಾರೆಗೆ ಹಿಡಿದರು. ಅದು ತುಂಬುವವರೆಗೆ ನಾನು ಧಾರೆಯ ಹಿಂದಿನ ಕಲ್ಲಿನಲ್ಲಿ ಪದರದ ಗೆರೆ ಹುಡುಕುತ್ತಿದ್ದೆ.