ಎಂಜಿಬಿಯ ಕಾರ್ಬೊರೇಟರ್‌ಗಳನ್ನು ಕಿವಿಯಿಂದಲೇ ಹೊಂದಿಸಿದೆ

ನನ್ನ ಎಂಜಿಬಿ 1966ರ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಬಟ್ಟೆಯ ಟಾಪ್ ಇರುವ ಎರಡು ಸೀಟಿನ ಗಾಡಿ. ಅದು ತಯಾರಾದದ್ದು ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ. ನಾನಿರುವುದು ಅಲ್ಲೇ ಪಕ್ಕದ ಆಕ್ಸ್‌ಫರ್ಡ್‌ನಲ್ಲಿ, ಹಾಗಾಗಿ ಗಾಡಿ ತವರು ಬಿಟ್ಟು ಜಾಸ್ತಿ ದೂರ ಬಂದಿಲ್ಲ.

ಕೊಂಡ ವರ್ಷವೇ ತೊಂದರೆ ಶುರುವಾಯಿತು. ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ ನಡುಗುತ್ತಿತ್ತು, ಕೆಲವೊಮ್ಮೆ ಆಫ್ ಆಗುತ್ತಿತ್ತು. 1798 ಸಿಸಿ, ನಾಲ್ಕು ಸಿಲಿಂಡರ್, ಅದಕ್ಕೆ ಗಾಳಿಗೆ ಪೆಟ್ರೋಲ್ ಬೆರೆಸಿ ಕೊಡುವ, ಎಸ್‌ಯು ಕಂಪನಿಯ ಎರಡು ಕಾರ್ಬೊರೇಟರ್. ಅವುಗಳದ್ದೇ ತಪ್ಪು ಅಂದುಕೊಂಡು ನೇರವಾಗಿ ಅಲ್ಲಿಗೇ ಕೈ ಹಾಕಿದೆ. ಎರಡು ಭಾನುವಾರ ಹೋದವು. ಇವತ್ತು ಸರಿಯಾಗಿದ್ದು ನಾಳೆಗೆ ಮತ್ತೆ ಹಾಳು.

ಕಾರ್ಬೊರೇಟರ್ ಮುಟ್ಟುವುದು ಕೊನೆಯ ಕೆಲಸ ಅಂತ ಆಮೇಲೆ ಅರ್ಥವಾಯಿತು. ಮೊದಲು ಇಂಜಿನ್ ವಾಲ್ವ್‌ಗಳನ್ನು ಒತ್ತುವ ಟ್ಯಾಪೆಟ್ ನೋಡಿದೆ. 0.38 ಮಿ.ಮೀ. ಗ್ಯಾಪ್ ಇರಬೇಕು, ಎರಡು ಕಡೆ ಬಿಗಿಯಾಗಿತ್ತು. ಆಮೇಲೆ ಕಿಡಿಯ ಕಡೆ: ಪಾಯಿಂಟ್, ಪ್ಲಗ್, ಟೈಮಿಂಗ್. ಇಷ್ಟಕ್ಕೇ ಅರ್ಧ ನಡುಕ ನಿಂತಿತು.

ಎಸ್‌ಯು ಒಳಗೆ ಒಂದು ಪಿಸ್ಟನ್, ಅದಕ್ಕೊಂದು ಸೂಜಿ. ಇಂಜಿನ್ ಗಾಳಿ ಎಳೆದಷ್ಟೂ ಪಿಸ್ಟನ್ ಮೇಲೇಳುತ್ತದೆ, ಸೂಜಿಯೂ ಎದ್ದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಎಷ್ಟು ಸರಳ, ಅಲ್ವಾ? ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಅಂತ ಕೂರಬೇಕು. ಹಿಂಬದಿಯ ಕಾರ್ಬೊರೇಟರಿನದು ಸದ್ದೇ ಮಾಡದೆ ನಡುವೆ ಸಿಕ್ಕಿಕೊಂಡಿತು. ಬಿಚ್ಚಿ ಒಳಗಿನ ಕಂದು ಜಿಡ್ಡು ಒರೆಸಿದೆ, ಪಿಸ್ಟನ್ ಒಮ್ಮೆಗೇ ಏಳದಂತೆ ತಡೆಯುವ ಡ್ಯಾಂಪರ್‌ಗೆ 20 ಗ್ರೇಡ್ ಎಣ್ಣೆ ಹಾಕಿದೆ.

ಇಂಜಿನ್ ಬಿಸಿಯಾದ ಮೇಲೆ ಏರ್ ಫಿಲ್ಟರ್ ತೆಗೆದು, ಎರಡನ್ನೂ ಜೋಡಿಸುವ ಕ್ಲಾಂಪ್ ಸಡಿಲಿಸಿದೆ. ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬೊರೇಟರ್ ಬಾಯಿಗೆ. ಮುಂದಿನದು ಬುಸ್ಸೆನ್ನುತ್ತಿತ್ತು, ಹಿಂದಿನದು ಪಿಸುಗುಟ್ಟುತ್ತಿತ್ತು. ಗಾಡಿ ನಿಂತಾಗಿನ ಇಂಜಿನ್ ವೇಗ ಹೊಂದಿಸುವ ಐಡಲ್ ಸ್ಕ್ರೂಗಳನ್ನು ಚೂರುಚೂರೇ ತಿರುಗಿಸಿದೆ. ಎರಡೂ ಸದ್ದು ಒಂದೇ ಆಯಿತು ನೋಡಿ, ಇಂಜಿನ್ನಿನ ದನಿಯೇ ಬದಲಾಯಿತು. ಅದನ್ನು ಕೇಳುತ್ತಾ ಸುಮ್ನೆ ನಿಂತುಬಿಟ್ಟೆ.

ಉಳಿದದ್ದು ಮಿಕ್ಸ್ಚರ್, ಅಂದರೆ ಗಾಳಿಗೆ ಎಷ್ಟು ಪೆಟ್ರೋಲ್ ಅನ್ನುವ ಲೆಕ್ಕ. ಪಕ್ಕದ ಪುಟ್ಟ ಪಿನ್ನಿನಿಂದ ಪಿಸ್ಟನ್ ಅನ್ನು ಒಂದು ಮಿಲಿಮೀಟರಿಗೂ ಕಮ್ಮಿ ಎತ್ತಬೇಕು. ಇಂಜಿನ್ ವೇಗ ಏರಿ ಅಲ್ಲೇ ನಿಂತರೆ ಪೆಟ್ರೋಲ್ ಜಾಸ್ತಿ, ಕುಸಿದರೆ ಕಮ್ಮಿ. ಒಂದು ಕ್ಷಣ ಏರಿ ಇಳಿದರೆ ಸರಿ. ನನ್ನವು ಎರಡೂ ಏರಿಯೇ ನಿಂತವು. ಪೆಟ್ರೋಲ್ ಕಮ್ಮಿ ಮಾಡಲು ಕೆಳಗಿನ ಆರು ಮುಖದ ನಟ್ ಅನ್ನು ಒಂದು ಸಲಕ್ಕೆ ಒಂದೇ ಮುಖದಷ್ಟು ಮೇಲಕ್ಕೆ ತಿರುಗಿಸಿ, ಪ್ರತಿಸಲವೂ ಪಿನ್ ಎತ್ತಿ ನೋಡಿದೆ. ಇಲ್ಲಿ ಅವಸರ ಮಾಡಬಾರದು. ಕ್ಲಾಂಪ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಪೈಪ್ ಹಿಡಿದು ಕೇಳಿದೆ.

ಒಂದು ಸುತ್ತು ಓಡಿಸಿಕೊಂಡು ಬಂದು ಪ್ಲಗ್ ಬಿಚ್ಚಿದೆ. ಮೊದಲು ಮಸಿಯಂತಿದ್ದವು, ಈಗ ನಾಲ್ಕೂ ತಿಳಿ ಕಂದು, ಮಿಕ್ಸ್ಚರ್ ಸರಿಯಾಗಿದೆ ಅನ್ನುವ ಗುರುತು.